ಹೆಸರು ಮರೆತ ಪುಸ್ತಕ, ಒಂದೇ ಕಾಲಿನ ಬೂಟು

ಪ್ರಶ್ನೆ: ನಾನು ಏಳೆಂಟು ವರ್ಷದವಳಿದ್ದಾಗ ಲೈಬ್ರರಿಯಿಂದ ತಂದು ಓದಿದ ಒಂದು ಮಕ್ಕಳ ಪುಸ್ತಕ ನಲವತ್ತು ವರ್ಷದಿಂದ ತಲೆಯಲ್ಲೇ ಸುತ್ತುತ್ತಿದೆ. ಹೆಸರು ನೆನಪಿಲ್ಲ, ಬರೆದವರು ಯಾರೋ ಗೊತ್ತಿಲ್ಲ. ಕೆಂಪು ರಟ್ಟು. ಅಜ್ಜಿಯ ಜೊತೆ ಇರುವ ಒಬ್ಬ ಹುಡುಗಿ, ಒಂದು ದೀಪಸ್ತಂಭ, ಕತ್ತಲೆ, ಮಳೆ. ಅಜ್ಜಿಗೆ ಅವಳೆಂದರೆ ಪ್ರಾಣ. (ಹುಡುಗಿ ಒಂದೇ ಕಾಲಿಗೆ ಬೂಟು ಹಾಕಿಕೊಂಡಿರುತ್ತಾಳೆ, ಯಾಕೆ ಅಂತ ಗೊತ್ತಿಲ್ಲ.) ಕೊನೆಗೆ ಏನಾಯಿತು ಅನ್ನುವುದು ಮಾತ್ರ ಎಷ್ಟು ತಿಣುಕಿದರೂ ಬರುವುದಿಲ್ಲ. ನನ್ನ ತಂಗಿಯೂ ಅದನ್ನು ಓದಿದ್ದಳು. ಈಚೆಗೆ ಒಂದು ಲೈಬ್ರರಿಯಲ್ಲಿ ಕೇಳಿದರೆ "ಹೆಸರೇ ಗೊತ್ತಿಲ್ಲದೆ ಹುಡುಕೋದು ಹೇಗಮ್ಮಾ" ಅಂದರು. ಇಂಥದ್ದನ್ನು ಕೇಳುವುದು ಸರಿಯಾ? ಕೇಳಿದರೆ ಗ್ರಂಥಪಾಲಕರು ನಿಜಕ್ಕೂ ಹುಡುಕುತ್ತಾರಾ, ಹೇಗೆ?

ಉತ್ತರ: ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ಕಂಸದೊಳಗಿನ ಮಾತಿನ ಮೇಲೆ. ಕೆಂಪು ರಟ್ಟು, ಅಜ್ಜಿ, ಮಳೆ, ಕತ್ತಲೆ ಎಲ್ಲವನ್ನೂ ಮುಂದಿಟ್ಟು, ಒಂದೇ ಕಾಲಿನ ಬೂಟನ್ನು ಮಾತ್ರ ಹೇಳಲೋ ಬೇಡವೋ ಎಂಬಂತೆ ಕಂಸದಲ್ಲಿ ಮುಚ್ಚಿಟ್ಟಿದ್ದೀರಿ. ಮಕ್ಕಳ ವಿಭಾಗದ ಕೌಂಟರಿನಲ್ಲಿ ಇಪ್ಪತ್ತೆಂಟು ವರ್ಷ ಕೂತ ಅನುಭವದಲ್ಲಿ ಹೇಳುವುದಾದರೆ, ಆ ಪುಸ್ತಕ ಸಿಕ್ಕರೆ ಬೂಟಿನಿಂದಲೇ ಸಿಗುತ್ತದೆ. ಬರುವವರಲ್ಲಿ ಹೆಚ್ಚಿನವರು ಹೀಗೇ ಮಾಡುತ್ತಾರೆ. ತಮಗೆ ಅರ್ಥವಾದ ವಿವರವನ್ನು ಧೈರ್ಯವಾಗಿ ಹೇಳುತ್ತಾರೆ. ಅರ್ಥವಾಗದ್ದನ್ನು ಸಂಕೋಚದಿಂದ ಕೊನೆಗೆ ಉಸುರುತ್ತಾರೆ, ಕೆಲವರು ಅದನ್ನು ನುಂಗಿಕೊಂಡೇ ಎದ್ದು ಹೋಗುತ್ತಾರೆ. ನಮಗೆ ಬೇಕಾದದ್ದು ಆ ನುಂಗಿಕೊಂಡ ಮಾತು.

ಕೇಳುವುದು ಸರಿಯಾ ಎಂದಿರಿ. ಖಂಡಿತ ಸರಿ, ಅದು ನಮ್ಮ ಕೆಲಸವೇ. ಅಮೆರಿಕದ ವೂಸ್ಟರ್ ಗ್ರಂಥಾಲಯದಲ್ಲಿದ್ದ ಸ್ಯಾಮ್ಯುಯೆಲ್ ಗ್ರೀನ್ 1876ರಲ್ಲೇ ಒಂದು ಪ್ರಬಂಧ ಮಂಡಿಸಿ, ಓದುಗರು ಸಂಕೋಚವಿಲ್ಲದೆ ಬಂದು ಕೇಳುವಂತೆ ಗ್ರಂಥಪಾಲಕರು ಅವರೊಡನೆ ಬೆರೆಯಬೇಕು, ಕೇಳಿದ್ದನ್ನು ಹುಡುಕಿಕೊಡಬೇಕು ಎಂದು ವಾದಿಸಿದ್ದರು. ನಮ್ಮ ದೇಶದ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯದ ಐದು ಸೂತ್ರಗಳಲ್ಲಿ ಎರಡನೆಯದು ಪ್ರತಿ ಓದುಗರಿಗೂ ಅವರ ಪುಸ್ತಕ ಸಿಗಬೇಕು ಎನ್ನುತ್ತದೆ, ಮೂರನೆಯದು ಪ್ರತಿ ಪುಸ್ತಕಕ್ಕೂ ಅದರ ಓದುಗರು ಸಿಗಬೇಕು ಎನ್ನುತ್ತದೆ. ನಿಮ್ಮಂಥವರು ಬಂದು ಕೂತಾಗ ಈ ಎರಡೂ ಸೂತ್ರಗಳು ಒಟ್ಟಿಗೆ ನನ್ನ ಮೇಜಿನ ಮೇಲೆ ಬಂದು ಕೂರುತ್ತವೆ ಎಂದೇ ನಾನು ತಿಳಿದಿದ್ದೇನೆ. "ಹೆಸರೇ ಗೊತ್ತಿಲ್ಲದೆ ಹೇಗೆ" ಎಂದವರ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಕ್ಯಾಟಲಾಗು ಕಟ್ಟಿರುವುದೇ ಕರ್ತೃ, ಶೀರ್ಷಿಕೆ, ವಿಷಯ ಎಂಬ ಮೂರು ಬಾಗಿಲಿಟ್ಟು. ಮೂರೂ ಮುಚ್ಚಿದ್ದರೆ ಗೋಡೆ ಬಳಸಿ ಹಿತ್ತಿಲಿಗೆ ಹೋಗಬೇಕು. ಆ ದಾರಿಯನ್ನು ಎಲ್ಲರೂ ನಡೆದಿರುವುದಿಲ್ಲ.

ಈಗ ನಿಮ್ಮ ಒಂದೊಂದೇ ವಿವರ ತೆಗೆದುಕೊಳ್ಳೋಣ.

ಕೆಂಪು ರಟ್ಟು. ಬಣ್ಣವನ್ನು ನಾನು ಬರೆದುಕೊಳ್ಳುತ್ತೇನೆ, ಆದರೆ ಅದರ ಹಿಂದೆ ಹೋಗುವುದಿಲ್ಲ. ಮಕ್ಕಳ ಕೈಗೆ ಸಿಕ್ಕ ಪುಸ್ತಕ ಬೇಗ ಹರಿಯುತ್ತದೆ. ಹರಿದದ್ದನ್ನು ಲೈಬ್ರರಿಯವರು ಬೈಂಡಿಂಗಿಗೆ ಕೊಡುತ್ತಾರೆ. ಪ್ರಕಾಶಕರ ಚಿತ್ರದ ಮುಖಪುಟ ಹೋಗಿ, ಬಟ್ಟೆಯದೋ ರೆಕ್ಸಿನ್ನಿನದೋ ಗಟ್ಟಿ ರಟ್ಟು ಬರುತ್ತದೆ. ಬೈಂಡರ್ ಹತ್ತಿರ ಆ ತಿಂಗಳು ಯಾವ ಬಣ್ಣದ ಬಟ್ಟೆ ಇತ್ತೋ ಅದೇ ಬಣ್ಣ. ಮಕ್ಕಳ ವಿಭಾಗದ ಒಂದು ಕಪಾಟಿಡೀ ಒಂದೇ ಕೆಂಪಿನಲ್ಲಿ ನಿಂತಿದ್ದನ್ನು ನಾನು ನೋಡಿದ್ದೇನೆ. ಆದ್ದರಿಂದ "ಕೆಂಪು ರಟ್ಟು, ಮೇಲೆ ಚಿತ್ರ ಇರಲಿಲ್ಲ" ಎಂದು ಯಾರಾದರೂ ಹೇಳಿದರೆ ಅದು ಆ ಲೈಬ್ರರಿಯ ಬೈಂಡರನ ವಿಷಯ, ಪುಸ್ತಕದ ವಿಷಯವಲ್ಲ. ಮೇಲೆ ಚಿತ್ರ ಇತ್ತೇ ಎಂದು ನೀವು ಬರೆದಿಲ್ಲ. ಇದ್ದರೂ ಆವೃತ್ತಿಯಿಂದ ಆವೃತ್ತಿಗೆ ಮುಖಪುಟ ಬದಲಾಗುತ್ತದೆ, ಹೊರಕವಚ ಕಳಚಿ ಬೀಳುತ್ತದೆ. ಅಂತರ್ಜಾಲದಲ್ಲಿ ಹಳೆಯ ಮುಖಪುಟಗಳನ್ನು ರಾತ್ರಿಯಿಡೀ ನೋಡುತ್ತಾ ಕೂತು, ಕೆಂಪಿಲ್ಲ ಎಂಬ ಒಂದೇ ಕಾರಣಕ್ಕೆ ತಮ್ಮ ಪುಸ್ತಕವನ್ನೇ ದಾಟಿ ಹೋದವರು ಎಷ್ಟು ಜನವೋ!

ಅಜ್ಜಿಯ ಪ್ರೀತಿ, ಮಳೆ, ಕತ್ತಲೆ. ಇವು ನಿಜವೇ ಇರಬಹುದು. ಆದರೆ ಇವು ನೆನಪು ತಾನಾಗಿ ತುಂಬಿಕೊಳ್ಳುವ ಬಗೆಯ ವಿವರಗಳು. ಕೇಂಬ್ರಿಜ್‌ನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಜನಪದ ಕಥೆಯನ್ನು ಇಂಗ್ಲಿಷ್ ಓದುಗರಿಗೆ ಕೊಟ್ಟು, ದಿನಗಳು, ತಿಂಗಳುಗಳು ಕಳೆದ ಮೇಲೆ ಮತ್ತೆ ಮತ್ತೆ ಹೇಳಿಸಿದರು. ಅದರ ಫಲವನ್ನು 1932ರಲ್ಲಿ ಪುಸ್ತಕವಾಗಿ ತಂದರು. ಹೇಳುತ್ತಾ ಹೋದಂತೆ ಕಥೆ ಗಿಡ್ಡವಾಯಿತು, ನೀಟಾಯಿತು. ತೋಡುದೋಣಿ ಬರೀ ದೋಣಿಯಾಯಿತು, ಸೀಲ್ ಬೇಟೆ ಮೀನು ಹಿಡಿಯುವುದಾಯಿತು. ಓದುಗರು ತಮಗೆ ಪರಿಚಯವಿಲ್ಲದ್ದನ್ನು ಪರಿಚಯದ್ದಾಗಿ ಮಾಡಿಕೊಂಡಿದ್ದರು. ಇನ್ನೊಂದು ಪ್ರಯೋಗ 1981ರದು, ಬ್ರೂಅರ್ ಮತ್ತು ಟ್ರೇಯನ್ಸ್ ಎಂಬಿಬ್ಬರು ಮಾಡಿದ್ದು. ವಿದ್ಯಾರ್ಥಿಗಳನ್ನು ಒಬ್ಬೊಬ್ಬರಂತೆ ವಿಶ್ವವಿದ್ಯಾಲಯದ ಒಂದು ಕಚೇರಿ ಕೋಣೆಯಲ್ಲಿ ಅರ್ಧ ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಕೂರಿಸಿ, ಹೊರಗೆ ಕರೆದು, ಒಳಗೆ ಏನೇನಿತ್ತು ಎಂದು ಕೇಳಿದರು. ಪುಸ್ತಕಗಳಿದ್ದವು ಎಂದು ಹಲವರು ಬರೆದರು. ಆ ಕೋಣೆಯಲ್ಲಿ ಒಂದು ಪುಸ್ತಕವೂ ಇರಲಿಲ್ಲ. ವಿಶ್ವವಿದ್ಯಾಲಯದ ಕಚೇರಿ ಎಂದಮೇಲೆ ಪುಸ್ತಕ ಇರಲೇಬೇಕಲ್ಲ ಎಂದು ಮನಸ್ಸು ತಾನೇ ತಂದಿಟ್ಟಿತ್ತು. ಈ ಪ್ರಯೋಗವನ್ನು ಓದಿದ ದಿನ ಗ್ರಂಥಪಾಲಕಿಯಾದ ನನಗೆ ಬಹಳ ಹೊತ್ತು ಬೇರೇನೂ ತೋಚಿರಲಿಲ್ಲ.

ಅಜ್ಜಿ ಎಂದಮೇಲೆ ಪ್ರೀತಿ, ದೀಪ ಎಂದಮೇಲೆ ಕತ್ತಲೆ. ಇವು ಮನಸ್ಸು ತಂದಿಟ್ಟ ಪುಸ್ತಕಗಳಾಗಿರಬಹುದು. ಹುಡುಗಿ ಎಂದಮೇಲೆ ಒಂದೇ ಕಾಲಿಗೆ ಬೂಟು ಎಂದು ಯಾವ ಮನಸ್ಸೂ ತಾನಾಗಿ ತಂದಿಡುವುದಿಲ್ಲ. ಅದು ಹೊರಗಿನಿಂದಲೇ ಬಂದಿರಬೇಕು, ಬಹುಶಃ ಒಂದು ಚಿತ್ರದಿಂದ. ಕಾರಣ ಗೊತ್ತಿಲ್ಲದೆಯೂ ನಲವತ್ತು ವರ್ಷ ಉಳಿದಿದೆ ಎಂದರೆ ನಾನು ಅದನ್ನು ನಂಬುತ್ತೇನೆ.

ಕೊನೆ ನೆನಪಿಲ್ಲದಿರುವುದೂ ನನಗೆ ಒಂದು ಸುಳಿವು. ನಾನು ಕಂಡಂತೆ ಮಕ್ಕಳು ಕಥೆಯ ಕೊನೆಯನ್ನು ಸುಮ್ಮನೆ ಮರೆಯುವುದಿಲ್ಲ. ಕೊನೆ ಪೂರ್ತಿ ಖಾಲಿಯಾಗಿದ್ದರೆ ಓದಿದ್ದರಲ್ಲೇ ಕೊನೆ ಇರಲಿಲ್ಲವೇ ಎಂದು ಮೊದಲು ನೋಡುತ್ತೇನೆ. ಪಠ್ಯಪುಸ್ತಕದಲ್ಲಿ ಬಂದ ಆಯ್ದ ಭಾಗವಾಗಿರಬಹುದು. ಪತ್ರಿಕೆಯ ಧಾರಾವಾಹಿಯ ನಡುವಿನ ಕಂತುಗಳಾಗಿರಬಹುದು. ಕೊನೆಯ ಹಾಳೆಗಳು ಕಿತ್ತುಹೋದ ಪ್ರತಿಯಾಗಿರಬಹುದು. ನಿಮ್ಮದು ಲೈಬ್ರರಿಯ ಪುಸ್ತಕ, ರಟ್ಟು ಹೊಸದಾಗಿ ಕಟ್ಟಿದ್ದು ಎಂದಾದರೆ ಈ ಮೂರನೆಯದಕ್ಕೆ ಹೆಚ್ಚು ಅವಕಾಶ. ಬೈಂಡಿಂಗಿಗೆ ಹೋಗುವ ಹೊತ್ತಿಗೆ ಕೊನೆಯ ಕೆಲವು ಹಾಳೆ ಕಳೆದಿದ್ದರೂ ಕಟ್ಟಿಸಿಬಿಡುವುದು ಅಪರೂಪವಲ್ಲ.

ಇನ್ನು "ದೀಪಸ್ತಂಭ". ಕನ್ನಡದಲ್ಲಿ ಕಡಲತಡಿಯಲ್ಲಿ ಹಡಗುಗಳಿಗೆ ದಾರಿ ತೋರುವ ಕಟ್ಟಡಕ್ಕೂ ಅದೇ ಮಾತು, ಅಂಗಳದಲ್ಲಿ ನಿಲ್ಲಿಸಿದ ದೀಪದ ಕಂಬಕ್ಕೂ ಅದೇ ಮಾತು. ನೀವು ಓದಿದ್ದು ಅನುವಾದವಾಗಿದ್ದರೆ, ಅನುವಾದಕರು ಲೈಟ್‌ಹೌಸ್ ಎಂಬುದನ್ನು ದೀಪಸ್ತಂಭ ಎಂದು ಬರೆದಿರಬಹುದು. ಏಳು ವರ್ಷದ ಮಗು ಸ್ತಂಭ ಎಂಬುದನ್ನು ಕಂಬವೆಂದೇ ಚಿತ್ರಿಸಿಕೊಂಡಿರಬಹುದು. ಇಲ್ಲವೇ ಅದು ಬೀದಿದೀಪದ ಕಂಬವೇ ಆಗಿದ್ದು, ಈಗ ದೊಡ್ಡವರಾದ ನೀವು ಅದಕ್ಕೆ ದೊಡ್ಡ ಹೆಸರು ಕೊಟ್ಟಿರಬಹುದು. ಹಾಗಾಗಿ ನಾನು ಹುಡುಕುವಾಗ ಲೈಟ್‌ಹೌಸ್, ಬೀದಿದೀಪ, ಲಾಂದ್ರ, ಗೋಪುರ ನಾಲ್ಕನ್ನೂ ಹಾಕಿ ನೋಡುತ್ತೇನೆ.

ಇದನ್ನೇ ನೇರವಾಗಿ ನಿಮ್ಮನ್ನು ಕೇಳಿದರೆ ಮುಗಿಯಿತಲ್ಲ ಎನ್ನಿಸಬಹುದು. "ಅದು ಲೈಟ್‌ಹೌಸ್ ಆಗಿತ್ತಾ?" ಎಂದು ಕೇಳಬಾರದು. ಈ ಪಾಠವನ್ನು ನಾನು ಒಬ್ಬ ಹಿರಿಯರ ಮೂರು ವಾರ ಹಾಳುಮಾಡಿ ಕಲಿತೆ.

ಎಪ್ಪತ್ತರ ಆಸುಪಾಸಿನವರು. "ಮೇಡಂ, ಒಬ್ಬ ಹುಡುಗ ತೆಪ್ಪದ ಮೇಲೆ ಹೊಳೇಲಿ ಹೋಗ್ತಾನೆ. ಜೊತೆಗೆ ಒಂದು ಪ್ರಾಣಿ ಇರುತ್ತೆ" ಎಂದರು. ನಾನು ಪೆನ್ನು ಹಿಡಿದು, ತಲೆ ಎತ್ತದೆಯೇ, "ನಾಯೀನಾ ಸರ್?" ಎಂದೆ. ಅವರು ಒಂದು ಕ್ಷಣ ತಡೆದು, "ಹೌದು... ನಾಯೀನೇ ಇರಬೇಕು" ಎಂದರು. ಆ ತಡೆದ ಕ್ಷಣವನ್ನು ನಾನು ಗಮನಿಸಬೇಕಿತ್ತು. ನಾಯಿ ಎಂದು ಬರೆದುಕೊಂಡೆ. ಮುಂದಿನ ವಾರ ಬಂದಾಗ ಅವರೇ ನಾಯಿಯ ಬಣ್ಣ ಹೇಳಿದರು, ಕಿವಿ ಹೇಗಿತ್ತು ಎಂದೂ ಹೇಳಿದರು. ಹುಡುಗ, ನಾಯಿ, ಹೊಳೆ ಎಂದು ಹುಡುಕಿದರೆ ಪುಸ್ತಕಗಳಿಗೆ ಲೆಕ್ಕವಿಲ್ಲ. ಒಂದೊಂದನ್ನೇ ತಂದು ತೋರಿಸಿದೆ, ಒಂದೊಂದಕ್ಕೂ ತಲೆಯಾಡಿಸಿದರು. ಕೊನೆಗೆ ಅವರ ಅಕ್ಕನಿಗೆ ಫೋನ್ ಮಾಡಿಸಿ, "ತೆಪ್ಪದ ಹುಡುಗನ ಕಥೆ ನೆನಪಿದ್ದರೆ ಹೇಳಿ" ಎಂದಷ್ಟೇ ಕೇಳಿದೆವು. "ಅಯ್ಯೋ, ಆ ಆಡು! ಅವನ ಟೋಪಿ ತಿನ್ನುತ್ತಲ್ಲಾ" ಎಂದರು ಆಕೆ.

ಎರಡು ದಿನದಲ್ಲಿ ಪುಸ್ತಕ ಗೊತ್ತಾಯಿತು. ಇನ್ನೊಂದು ಗ್ರಂಥಾಲಯದಿಂದ ಪ್ರತಿ ತರಿಸಿ ಅವರ ಮುಂದಿಟ್ಟಾಗ, ಅವರು ಮುಖಪುಟ ನೋಡಲೇ ಇಲ್ಲ. ಹೆಬ್ಬೆರಳಿನಿಂದ ಹಾಳೆಗಳನ್ನು ಸರಸರ ಹಾರಿಸಿ ಒಂದು ಪುಟದಲ್ಲಿ ನಿಲ್ಲಿಸಿದರು. ಬಲಪುಟದ ಕೆಳಗಡೆ ಸಣ್ಣದೊಂದು ರೇಖಾಚಿತ್ರ: ತೆಪ್ಪ, ಹುಡುಗ, ಟೋಪಿ ಕಚ್ಚಿ ಹಿಡಿದ ಆಡು. ಹೆಬ್ಬೆರಳನ್ನು ಅದರ ಪಕ್ಕ ಊರಿ ಬಹಳ ಹೊತ್ತು ಕೂತರು. ಆಮೇಲೆ ಮೆಲ್ಲಗೆ, "ಹೊಳೆ ಹಸಿರಿತ್ತಲ್ಲಾ ಮೇಡಂ" ಎಂದರು. ಆ ಪುಸ್ತಕದಲ್ಲಿ ಒಂದು ಬಣ್ಣದ ಚಿತ್ರವೂ ಇರಲಿಲ್ಲ. ಬಣ್ಣದ ಮುದ್ರಣ ದುಬಾರಿಯಾಗಿದ್ದ ಕಾಲದಲ್ಲಿ ಎಷ್ಟೋ ಮಕ್ಕಳ ಪುಸ್ತಕಗಳ ಒಳಚಿತ್ರಗಳು ಕಪ್ಪುಬಿಳುಪಿನವು. ಬಣ್ಣವನ್ನು ಮಗು ತಾನೇ ತುಂಬಿಕೊಳ್ಳುತ್ತಿತ್ತು.

ನನ್ನ ಒಂದು ಪದ ಅವರ ಆಡನ್ನು ನಾಯಿ ಮಾಡಿತ್ತು. ಇದು ಪ್ರಯೋಗದಲ್ಲೂ ಕಂಡ ವಿಷಯ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕಾರು ಅಪಘಾತದ ಚಲನಚಿತ್ರದ ತುಣುಕು ತೋರಿಸಿ, ಒಂದು ಗುಂಪಿಗೆ ಕಾರುಗಳು "ತಾಗಿದಾಗ" ವೇಗ ಎಷ್ಟಿತ್ತು ಎಂದೂ ಇನ್ನೊಂದು ಗುಂಪಿಗೆ "ಅಪ್ಪಳಿಸಿದಾಗ" ವೇಗ ಎಷ್ಟಿತ್ತು ಎಂದೂ ಕೇಳಿದರು. ಒಂದು ವಾರದ ನಂತರ, ಒಡೆದ ಗಾಜು ನೋಡಿದಿರಾ ಎಂದು ಎರಡೂ ಗುಂಪಿಗೆ ಕೇಳಿದರು. ಮೊದಲ ಗುಂಪಿನಲ್ಲಿ 50 ಜನರಲ್ಲಿ 7 ಮಂದಿ ಹೌದೆಂದರು, ಎರಡನೆಯದರಲ್ಲಿ 50ರಲ್ಲಿ 16 ಮಂದಿ. ಆ ತುಣುಕಿನಲ್ಲಿ ಒಡೆದ ಗಾಜೇ ಇರಲಿಲ್ಲ. ಒಂದು ಕ್ರಿಯಾಪದ ವಾರದೊಳಗೆ ಗಾಜು ಒಡೆಯಬಲ್ಲದು ಎಂದಮೇಲೆ, ಬಾಲ್ಯದ ಪುಸ್ತಕದ ಬಗ್ಗೆ ಕೇಳುವಾಗ ನಾವು ಎಷ್ಟು ಜೋಪಾನವಾಗಿರಬೇಕು ನೋಡಿ. ಅಂದಿನಿಂದ ನಾನು ಉತ್ತರ ಅಡಗಿರುವ ಪ್ರಶ್ನೆ ಕೇಳುವುದಿಲ್ಲ. "ಆ ದೀಪ ಎಲ್ಲಿತ್ತು, ಅದರ ಸುತ್ತ ಏನಿತ್ತು, ಹೇಳಿ" ಎನ್ನುತ್ತೇನೆ. ಕಣ್ಣು ಮುಚ್ಚಿಕೊಂಡು ಹೇಳಿದರೂ ಸರಿ. ನಡುವೆ ಮೌನ ಬಂದರೆ ಅದನ್ನು ತುಂಬಲು ಹೋಗುವುದಿಲ್ಲ.

ಪುಸ್ತಕದೊಳಗಿನದ್ದು ಮುಗಿದ ಮೇಲೆ ಹೊರಗಿನದ್ದು ಕೇಳುತ್ತೇನೆ. ನನ್ನ ಅನುಭವದಲ್ಲಿ ಹೊರಗಿನದ್ದೇ ಹೆಚ್ಚು ಗಟ್ಟಿ. ನೀವೇ ಓದಿದಿರೋ, ಯಾರಾದರೂ ಓದಿ ಹೇಳಿದರೋ? ಎಲ್ಲಿ ಕೂತಿದ್ದಿರಿ? ಒಂದೇ ಸಲಕ್ಕೆ ಮುಗಿಯಿತೋ, ಅಧ್ಯಾಯಗಳಿದ್ದವೋ? ಒಂದು ಕೈಯಲ್ಲಿ ಹಿಡಿಯಬಹುದಿತ್ತೋ, ನೆಲದ ಮೇಲೆ ಬಿಚ್ಚಿಟ್ಟು ಓದಬೇಕಿತ್ತೋ? ಅಕ್ಷರ ದಪ್ಪವೋ ಸಣ್ಣವೋ? ಇದರಿಂದ ಅದು ಚಿತ್ರಪುಸ್ತಕವೋ ಮಕ್ಕಳ ಕಾದಂಬರಿಯೋ ಕಥಾಸಂಕಲನವೋ ಎಂಬುದು ತಿಳಿಯುತ್ತದೆ. ಹುಡುಕುವ ಜಾಗ ಅಲ್ಲಿಗೆ ಅರ್ಧವಾಗುತ್ತದೆ. ಇಸವಿಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ನೀವು ಓದಿದ ವರ್ಷಕ್ಕೂ ಪುಸ್ತಕ ಅಚ್ಚಾದ ವರ್ಷಕ್ಕೂ ಇಪ್ಪತ್ತು ಮೂವತ್ತು ವರ್ಷ ಅಂತರ ಇರುವುದು ಲೈಬ್ರರಿಗಳಲ್ಲಿ ಸಹಜ. ನಿಮ್ಮ ಓದು 1980ರ ದಶಕದ್ದಾದರೆ ನಾನು 1950ರಿಂದಲೇ ಹುಡುಕುತ್ತೇನೆ, ಓದಿದ ವರ್ಷದಲ್ಲಿ ನಿಲ್ಲಿಸುತ್ತೇನೆ.

"ನಾನು ಆಗ ಯಾವ ಪುಸ್ತಕ ಒಯ್ದಿದ್ದೆ ಎಂದು ದಾಖಲೆ ನೋಡಿ ಹೇಳಿ" ಎಂದು ಕೆಲವರು ಕೇಳುತ್ತಾರೆ. ನೀನಾ ಬ್ರೌನ್ ಅವರು 1895ರಲ್ಲಿ ರೂಪಿಸಿದ ಬ್ರೌನ್ ಪದ್ಧತಿ ಎಷ್ಟೋ ಲೈಬ್ರರಿಗಳಲ್ಲಿ ಕಂಪ್ಯೂಟರ್ ಬರುವವರೆಗೂ ನಡೆದಿತ್ತು. ಅದರಲ್ಲಿ ಪುಸ್ತಕದ ಕಾರ್ಡನ್ನು ತೆಗೆದು ಓದುಗರ ಟಿಕೆಟ್ಟಿನ ಜೇಬಿನೊಳಗೆ ಸಿಕ್ಕಿಸಿಡುತ್ತಿದ್ದರು. ಪುಸ್ತಕ ವಾಪಸ್ ಬಂದೊಡನೆ ಕಾರ್ಡು ಪುಸ್ತಕಕ್ಕೆ, ಟಿಕೆಟ್ಟು ಓದುಗರ ಕೈಗೆ. ಯಾರು ಏನು ಒಯ್ದರು ಎಂಬ ಗುರುತು ಅಲ್ಲಿಗೆ ಅಳಿಯಿತು. ಇಂದಿನ ಎಷ್ಟೋ ಗ್ರಂಥಾಲಯಗಳೂ ಓದುಗರ ಗೌಪ್ಯತೆಗಾಗಿ ಆ ಕೊಂಡಿಯನ್ನು ಬೇಕೆಂದೇ ಅಳಿಸುತ್ತವೆ. ಅಕ್ಸೆಶನ್ ರಿಜಿಸ್ಟರ್ ಮಾತ್ರ ಬೇರೆ. ಯಾವ ಪುಸ್ತಕ ಯಾವ ದಿನ ಲೈಬ್ರರಿಗೆ ಸೇರಿತು ಎಂಬುದು ಅದರಲ್ಲಿ ಸಾಲಾಗಿರುತ್ತದೆ. ನೀವು ಓದಿದ ಲೈಬ್ರರಿ ಇನ್ನೂ ಇದ್ದು, ಆ ಕಾಲದ ರಿಜಿಸ್ಟರ್ ಉಳಿದಿದ್ದರೆ, ಆ ವರ್ಷಗಳ ಮಕ್ಕಳ ಪುಸ್ತಕಗಳ ಸಾಲುಗಳನ್ನು ಒಂದು ಮಧ್ಯಾಹ್ನ ಕೂತು ಓದಿ. ಹೆಸರು ನೆನಪಿಲ್ಲ ಎಂದವರು ಹೆಸರು ಕಣ್ಣಿಗೆ ಬಿದ್ದೊಡನೆ "ಇದೇ" ಎಂದು ಚೀರುವುದನ್ನು ನಾನು ಕಂಡಿದ್ದೇನೆ. ನೆನಪಿಸಿಕೊಳ್ಳುವುದು ಕಷ್ಟ, ಗುರುತಿಸುವುದು ಸುಲಭ.

ಆಮೇಲೆ ಕ್ಯಾಟಲಾಗು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1965ರಿಂದ ಮಕ್ಕಳ ಪುಸ್ತಕಗಳ ನಮೂದಿಗೆ ಒಂದೆರಡು ವಾಕ್ಯದ ಸಾರಾಂಶ ಸೇರಿಸುತ್ತಾ ಬಂದಿದೆ. ಅದು ನಮ್ಮ ಪಾಲಿಗೆ ದೊಡ್ಡ ಉಪಕಾರ. 1971ರಲ್ಲಿ ಶುರುವಾದ ವರ್ಲ್ಡ್‌ಕ್ಯಾಟ್‌ನಲ್ಲಿ ಸಾವಿರಾರು ಗ್ರಂಥಾಲಯಗಳ ನಮೂದುಗಳು ಒಂದೆಡೆ ಇವೆ. ಅಲ್ಲಿ ಮಕ್ಕಳ ಪುಸ್ತಕ ಎಂದು ಆರಿಸಿ, ವರ್ಷಗಳ ಮಿತಿ ಹಾಕಿ, ಸಾರಾಂಶದ ಪದಗಳಿಂದ ಹುಡುಕಬಹುದು. ಇಲ್ಲಿ ಒಂದು ಸೂಕ್ಷ್ಮವಿದೆ. ಸಾರಾಂಶ ಬರೆದವರು ಬೂಟಿನ ವಿಷಯ ಬರೆದಿರುವುದಿಲ್ಲ. "ಅಜ್ಜಿಯೊಂದಿಗೆ ಬೆಳೆಯುವ ಹುಡುಗಿ ಬಿರುಗಾಳಿಯ ರಾತ್ರಿ..." ಎಂಬಂತೆ ಸಪ್ಪೆಯಾಗಿ ಬರೆದಿರುತ್ತಾರೆ. ಆದ್ದರಿಂದ ಹುಡುಕುವಾಗ ನಾನು ಸಪ್ಪೆ ಪದಗಳನ್ನೇ ಬಳಸುತ್ತೇನೆ. ಸಿಕ್ಕವನ್ನು ಸೋಸುವಾಗ ಬೂಟು ತೆಗೆಯುತ್ತೇನೆ. ಚಿತ್ರಪುಸ್ತಕವಾದರೆ 1982ರಲ್ಲಿ ಮೊದಲು ಬಂದ "ಎ ಟು ಜೂ" ಎಂಬ ವಿಷಯಸೂಚಿ ಇದೆ. ಇಂಗ್ಲಿಷ್ ಚಿತ್ರಪುಸ್ತಕಗಳನ್ನು ಲೈಟ್‌ಹೌಸ್, ಅಜ್ಜಿ, ಮಳೆ ಎಂಬಂಥ ವಿಷಯಗಳಡಿ ಜೋಡಿಸಿದೆ. ಅನುವಾದದ ಅನುಮಾನವಿದ್ದರೆ ಯುನೆಸ್ಕೋದ ಇಂಡೆಕ್ಸ್ ಟ್ರಾನ್ಸ್‌ಲೇಷನಂ ನೋಡುತ್ತೇನೆ. 1932ರಲ್ಲಿ ರಾಷ್ಟ್ರಗಳ ಒಕ್ಕೂಟದ ಕಾಲದಲ್ಲಿ ಶುರುವಾದ ಅನುವಾದಗಳ ಪಟ್ಟಿ ಅದು. ಜರ್ಮನಿಯ ಮ್ಯೂನಿಕ್‌ನಲ್ಲಿ ಯೆಲ್ಲಾ ಲೆಪ್ಮನ್ 1949ರಲ್ಲಿ ಕಟ್ಟಿದ ಅಂತಾರಾಷ್ಟ್ರೀಯ ಮಕ್ಕಳ ಗ್ರಂಥಾಲಯದಲ್ಲಿ ಇನ್ನೂರಕ್ಕೂ ಹೆಚ್ಚು ಭಾಷೆಗಳ ಮಕ್ಕಳ ಪುಸ್ತಕಗಳಿವೆ.

ಕನ್ನಡ ಪುಸ್ತಕವಾದರೆ ಇನ್ನೊಂದು ತೊಡಕು. ಹೊರಗಿನ ಕ್ಯಾಟಲಾಗುಗಳಲ್ಲಿ ನಮ್ಮ ಶೀರ್ಷಿಕೆಗಳು ಹೆಚ್ಚಾಗಿ ರೋಮನ್ ಅಕ್ಷರದಲ್ಲಿ, ದೀರ್ಘಕ್ಕೆ ಗೆರೆ, ಳಕಾರ ಣಕಾರಕ್ಕೆ ಚುಕ್ಕಿ ಹಾಕಿ ದಾಖಲಾಗಿರುತ್ತವೆ. ಕನ್ನಡದಲ್ಲಿ ಟೈಪ್ ಮಾಡಿ ಸಿಗಲಿಲ್ಲ ಎಂದು ಕೈಬಿಡಬೇಡಿ, ಎರಡೂ ಬಗೆಯಲ್ಲಿ ಹುಡುಕಿ. ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳ ಒಳಪಠ್ಯದಲ್ಲಿ ಹುಡುಕುವಾಗ ಯಂತ್ರ ಒತ್ತಕ್ಷರ, ಅರ್ಕಾವೊತ್ತುಗಳನ್ನು ತಪ್ಪಾಗಿ ಓದಿರುತ್ತದೆ. ಅದಕ್ಕೇ ಒತ್ತಿಲ್ಲದ ಸರಳ ಪದಗಳನ್ನು ಆರಿಸಿಕೊಳ್ಳುವುದು ಒಳ್ಳೆಯದು. ಇಂಗ್ಲಿಷಿನದಾಗಿದ್ದು, ಒಂದು ಸಾಲು ಅಕ್ಷರಶಃ ನೆನಪಿದ್ದರೆ, 2008ರಲ್ಲಿ ಶುರುವಾದ, ಗ್ರಂಥಾಲಯಗಳ ಸ್ಕ್ಯಾನ್ ಮಾಡಿದ ಪುಸ್ತಕಗಳ ಸಂಗ್ರಹವಾದ ಹಾಥಿಟ್ರಸ್ಟ್‌ನಲ್ಲಿ ಹಕ್ಕುಸ್ವಾಮ್ಯದ ಪುಸ್ತಕಗಳ ಒಳಗೂ ಹುಡುಕಬಹುದು. ಪುಟ ಓದಲು ಸಿಗುವುದಿಲ್ಲ, ಆ ಪದ ಯಾವ ಪುಟದಲ್ಲಿದೆ ಎಂದು ಹೇಳುತ್ತದೆ. ನಮಗೆ ಅಷ್ಟು ಸಾಕು. ಮಕ್ಕಳ ಪುಸ್ತಕದಲ್ಲಿ ಅಕ್ಷರಶಃ ಉಳಿಯುವುದು ಸಾಮಾನ್ಯವಾಗಿ ಪ್ರಾಸದ ಸಾಲು ಅಥವಾ ಮತ್ತೆ ಮತ್ತೆ ಬರುವ ಪಲ್ಲವಿಯಂಥ ಮಾತು. ಅಂಥದ್ದೇನಾದರೂ ನಾಲಿಗೆಯ ಮೇಲಿದ್ದರೆ ಅದನ್ನು ತಿದ್ದದೆ ಬರೆದಿಡಿ.

ಚಾಟ್‌ಬಾಟ್‌ಗಳನ್ನು ಕೇಳಬಹುದೇ ಎಂದು ಈಗ ಬರುವವರೆಲ್ಲ ಕೇಳುತ್ತಾರೆ. ಕೇಳಿ, ಆದರೆ ಅದು ಕೊಟ್ಟ ಹೆಸರನ್ನು ಕ್ಯಾಟಲಾಗಿನಲ್ಲಿ ಕಾಣುವವರೆಗೆ ನಂಬಬೇಡಿ. ಇಲ್ಲದ ಪುಸ್ತಕಕ್ಕೆ ಇರುವ ಲೇಖಕರ ಹೆಸರು ಹಚ್ಚಿ, ಕಥೆಯ ಸಾರಾಂಶವನ್ನೂ ಕಟ್ಟಿಕೊಡುವುದು ಅವುಗಳಿಗೆ ಕಷ್ಟವಲ್ಲ. 2025ರ ಮೇ ತಿಂಗಳಲ್ಲಿ ಅಮೆರಿಕದ ಪತ್ರಿಕೆಗಳ ಪುರವಣಿಯಲ್ಲಿ ಬಂದ ಬೇಸಿಗೆ ಓದಿನ ಪಟ್ಟಿಯ 15 ಶೀರ್ಷಿಕೆಗಳಲ್ಲಿ 10 ಇಂಥ ಹುಟ್ಟೇ ಇಲ್ಲದ ಪುಸ್ತಕಗಳಾಗಿದ್ದವು. ನನಗೆ ಇದಕ್ಕಿಂತ ಹೆಚ್ಚಿನ ಆತಂಕ ಬೇರೆಯದು. ನಿಮ್ಮ ವಿವರಗಳನ್ನೇ ಹೆಣೆದು ಅದು ಚೆಂದದ ಕಥೆ ಹೇಳಿಬಿಟ್ಟರೆ, ನಾನು ಆ ಹಿರಿಯರ ತಲೆಯಲ್ಲಿ ನಾಯಿ ಕೂರಿಸಿದಂತೆ, ಆ ಕಥೆ ನಿಮ್ಮ ನೆನಪಿನೊಳಗೆ ಕೂತುಬಿಡುತ್ತದೆ. ಮತ್ತೆ ಅದನ್ನು ಬೇರ್ಪಡಿಸುವುದು ನಮ್ಮಿಂದಾಗದು.

ಹೊಂದುವ ಪುಸ್ತಕ ಸಿಕ್ಕಿತು ಅನ್ನಿಸಿದಾಗಲೂ ನಾನು "ಇದೇ ನೋಡಿ" ಎಂದು ಕೈಗಿಡುವುದಿಲ್ಲ. ಅದೇ ಕಾಲದ, ಅದೇ ಅಳತೆಯ ನಾಲ್ಕೈದು ಪುಸ್ತಕಗಳ ನಡುವೆ ಇಟ್ಟು ಮೇಜಿನ ಮೇಲೆ ಹರಡುತ್ತೇನೆ. ಹುಡುಕಬೇಕು ಎಂಬ ಆಸೆ ಬಲವಾಗಿರುವವರು ಹತ್ತಿರದ್ದು ಯಾವುದು ಕಂಡರೂ ಹೌದೆನ್ನುತ್ತಾರೆ. ಅದು ಅವರಿಗೆ ನಾಲ್ಕು ದಿನದ ಸಂತೋಷ. ಆಮೇಲೆ ಒಳಗೆಲ್ಲೋ "ಇದಲ್ಲ" ಎಂಬುದು ಕೊರೆಯುತ್ತಲೇ ಇರುತ್ತದೆ. ನಿಜವಾದ ಗುರುತಿಗೆ ಒಂದು ಲಕ್ಷಣವಿದೆ. ಅವರು ನನಗೆ ಹೇಳದೇ ಇದ್ದ ಯಾವುದೋ ವಿವರವನ್ನು, ಪುಟ ತಿರುಗಿಸುವ ಮೊದಲೇ, ಮುಂದಿನ ಪುಟದಲ್ಲಿದೆ ಎಂದು ಹೇಳುತ್ತಾರೆ.

ಎಲ್ಲವೂ ಸಿಗುವುದಿಲ್ಲ ಎಂಬುದನ್ನೂ ಹೇಳಬೇಕು. ಕೆಲವು ಸಲ ಹುಡುಕುತ್ತಿರುವ ಒಂದು ಪುಸ್ತಕ ನಿಜಕ್ಕೂ ಎರಡು ಪುಸ್ತಕ. ಒಂದರ ಹುಡುಗಿ, ಇನ್ನೊಂದರ ದೀಪ. ಒಂದೇ ಸಂಕಲನದ ಎರಡು ಕಥೆಗಳು ಬೆರೆತಿರುವುದಂತೂ ಬಹಳ. ಹೀಗೆ ಅನುಮಾನ ಬಂದಾಗ ವಿವರಗಳನ್ನು ಎರಡು ಚೀಟಿಯಲ್ಲಿ ಹಂಚಿ ಬೇರೆ ಬೇರೆಯಾಗಿ ಹುಡುಕುತ್ತೇನೆ. ಜನಪದ ಕಥೆಯಾಗಿದ್ದರೆ ತೊಂದರೆ ಉಲ್ಟಾ, ಸಿಗುವುದು ಒಂದಲ್ಲ, ನೂರು. ಜನಪದ ವಿದ್ವಾಂಸರಾದ ಆರ್ನೆ 1910ರಲ್ಲಿ ಶುರುಮಾಡಿ, ಥಾಮ್ಸನ್ ಬೆಳೆಸಿ, ಊಥರ್ 2004ರಲ್ಲಿ ಪರಿಷ್ಕರಿಸಿದ ಕಥಾವರ್ಗಗಳ ಸೂಚಿಯಲ್ಲಿ ಕಥೆಯ ಸಂಖ್ಯೆ ಹಿಡಿದು, ಆ ಸಂಖ್ಯೆಯಡಿ ಬಂದ ಮಕ್ಕಳ ಆವೃತ್ತಿಗಳನ್ನು ಒಂದೊಂದಾಗಿ ನೋಡಬೇಕಾಗುತ್ತದೆ. ಆಗಲೂ ಆರಿಸಿಕೊಡುವುದು ಬೂಟಿನಂಥ ವಿವರವೇ, ಏಕೆಂದರೆ ಕಥೆ ಎಲ್ಲರದೂ ಒಂದೇ, ಚಿತ್ರ ಬರೆದವರು ಬೇರೆ. ರಂಗನಾಥನ್ ಅವರ ನಾಲ್ಕನೆಯ ಸೂತ್ರ ಓದುಗರ ಸಮಯ ಉಳಿಸಿ ಎನ್ನುತ್ತದೆ. ಈ ಒಂದು ಕೆಲಸದಲ್ಲಿ ಅದನ್ನು ಪಾಲಿಸಲು ನನ್ನಿಂದ ಆಗಿಲ್ಲ. ಆರು ವರ್ಷ ಹಿಡಿದ ಹುಡುಕಾಟಗಳಿವೆ. ನನ್ನ ಮೇಜಿನ ಡ್ರಾಯರಿನಲ್ಲಿ ಇನ್ನೂ ಉತ್ತರ ಸಿಗದ ಚೀಟಿಗಳ ಕಟ್ಟೊಂದಿದೆ. ಹೊಸ ಪುಸ್ತಕ ದಾನವಾಗಿ ಬಂದಾಗಲೆಲ್ಲ ಆ ಕಟ್ಟು ಬಿಚ್ಚಿ ನೋಡುತ್ತೇನೆ.

ನೀವು ಈಗ ಮಾಡಬೇಕಾದದ್ದು ಇಷ್ಟು. ಇವತ್ತಿನಿಂದ ಅಂತರ್ಜಾಲದಲ್ಲಿ ಮುಖಪುಟ ನೋಡುವುದನ್ನು ನಿಲ್ಲಿಸಿ. ಒಂದು ಹಾಳೆಯಲ್ಲಿ ನಿಮಗೆ ನೆನಪಿರುವುದನ್ನೆಲ್ಲ ಬರೆಯಿರಿ. ಖಚಿತವಾದದ್ದರ ಕೆಳಗೆ ಗೆರೆ ಎಳೆಯಿರಿ, ಊಹೆ ಅನ್ನಿಸಿದ್ದನ್ನೂ ಊಹೆ ಎಂದೇ ಬರೆದು ಬಿಡಿ. ಕಂಸಗಳನ್ನು ತೆಗೆದುಹಾಕಿ, ಅವುಗಳೊಳಗಿನದ್ದನ್ನು ಹಾಳೆಯ ಮೇಲ್ಭಾಗಕ್ಕೆ ತನ್ನಿ. ಆ ಹಾಳೆ ಹಿಡಿದು ಲೈಬ್ರರಿಗೆ ಹೋದಾಗ ಕೌಂಟರಿನಲ್ಲಿ ಪುಸ್ತಕ ಕೊಡುವವರ ಬದಲು ಪರಾಮರ್ಶನ (ರೆಫರೆನ್ಸ್) ವಿಭಾಗದವರನ್ನೋ ಮಕ್ಕಳ ವಿಭಾಗದವರನ್ನೋ ಕೇಳಿ. "ಲೈಟ್‌ಹೌಸಿನ ಪುಸ್ತಕ ಇದೆಯಾ" ಎಂದು ಶುರುಮಾಡಬೇಡಿ. ಗ್ರಂಥಾಲಯ ವಿಜ್ಞಾನಿ ರಾಬರ್ಟ್ ಟೇಲರ್ 1968ರಲ್ಲಿ ಬರೆದ ಒಂದು ಲೇಖನದಲ್ಲಿ, ಓದುಗರು ಮನಸ್ಸಿನಲ್ಲಿರುವುದನ್ನು ಲೈಬ್ರರಿಯಲ್ಲಿ ಸಿಗಬಹುದಾದ ಆಕಾರಕ್ಕೆ ತಾವೇ ಕತ್ತರಿಸಿಕೊಂಡು ಕೇಳುತ್ತಾರೆ ಎಂದು ಗುರುತಿಸಿದ್ದರು. ಕತ್ತರಿಸಬೇಡಿ. "ಚಿಕ್ಕವಳಿದ್ದಾಗ ಓದಿದ ಒಂದು ಪುಸ್ತಕ ಹುಡುಕುತ್ತಿದ್ದೇನೆ, ಹೆಸರು ಗೊತ್ತಿಲ್ಲ" ಎಂದೇ ಹೇಳಿ.

ಅದಕ್ಕೂ ಮೊದಲು ನಿಮ್ಮ ತಂಗಿಗೆ ಫೋನ್ ಮಾಡಿ. ನೀವು ಬರೆದದ್ದನ್ನು ಅವರಿಗೆ ಓದಿ ಹೇಳಬೇಡಿ. ಅಜ್ಜಿ ಮತ್ತು ಹುಡುಗಿಯ ಕೆಂಪು ಪುಸ್ತಕ ನೆನಪಿದೆಯಾ ಎಂದಷ್ಟೇ ಕೇಳಿ, ಅವರು ಹೇಳುವುದನ್ನು ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ. ಬೂಟಿನ ವಿಷಯ ನೀವಾಗಿ ಎತ್ತಬೇಡಿ. ಅವರಾಗಿ ಎತ್ತಿದರೆ, ಎರಡೂ ಹಾಳೆಗಳನ್ನು ನನಗೆ ಕಳುಹಿಸಿ.